ರಸ್ಮಾ ಕಣ್ಣಾರೆ ಕಂಡ ಗೋಲು

ಸ್ಮಿಲ್ತೆನೆಯಲ್ಲಿ ಶಾಲೆಯ ಬಸ್ಸು ಓಡಿಸುವ ರಸ್ಮಾಳ ಬಗ್ಗೆ ಊರಿಗೆಲ್ಲ ಗೊತ್ತಿರುವ ಸಂಗತಿ ಎರಡು. ಒಂದು, ಐಸ್ ಹಾಕಿ ಎಂದರೆ ಅವಳಿಗೆ ಪ್ರಾಣ. ಇನ್ನೊಂದು, ಅವಳು ಕೂತು ನೋಡಿದರೆ ನಮ್ಮ ಲಾಟ್ವಿಯಾ ಸೋಲುತ್ತದೆ. ಮೊದಲನೆಯದು ಅವಳ ದುರದೃಷ್ಟ, ಎರಡನೆಯದು ದೇಶದ ದುರದೃಷ್ಟ ಎನ್ನುತ್ತಾನೆ ಮೋದ್ರಿಸ್. ಈ ಮೋದ್ರಿಸ್ ಪಕ್ಕದ ತೋಟದವನು, ಅವಳ ಗಂಡ ಇಲ್ಗ್ವಾರ್ಸ್‌ಗೆ ದೊಡ್ಡಪ್ಪನ ಮಗ, ಕೇಳದವರಿಗೂ ಬುದ್ಧಿ ಹೇಳುವುದನ್ನೇ ಕಸುಬು ಮಾಡಿಕೊಂಡವನು.

ಮೇ ತಿಂಗಳು ಬಂತೆಂದರೆ ನಮ್ಮಲ್ಲಿ ಎರಡು ಕೆಲಸ ಒಟ್ಟಿಗೇ ತಲೆ ಮೇಲೆ ಬೀಳುತ್ತವೆ. ಯೇವಾ ಮರ ಬಿಳಿ ಹೂ ಬಿಟ್ಟ ಕೂಡಲೇ ಆಲೂಗಡ್ಡೆ ನೆಡಬೇಕು. ವಿಶ್ವ ಚಾಂಪಿಯನ್‌ಶಿಪ್ಪೂ ಸರಿಯಾಗಿ ಅದೇ ಹೊತ್ತಿಗೆ ವಕ್ಕರಿಸುತ್ತದೆ. ಕಾರುಗಳ ಕಿಟಕಿಗೆಲ್ಲ ಕಡುಗೆಂಪು ಬಿಳಿ ಪಟ್ಟೆಯ ಬಾವುಟ, ಪಾದ್ರಿಯ ಸೈಕಲ್ಲಿಗೂ ಒಂದು. ಮದುವೆ ಗೊತ್ತುಮಾಡುವವರು ಅಂದು ಯಾವ ಪಂದ್ಯವಿದೆ ಎಂದು ನೋಡಿಕೊಂಡೇ ದಿನ ಇಡುತ್ತಾರೆ. ನಾವು ಗೆಲ್ಲುವುದು ಅಪರೂಪ, ನಿಜ. ಆದರೆ ಹುಚ್ಚಿನಲ್ಲಿ ಗೆಲ್ಲುವವರಿಗಿಂತ ನಾವೇ ಒಂದು ಕೈ ಮೇಲು. ಆ ತಿಂಗಳು ರಸ್ಮಾಳ ಬಸ್ಸು ಹತ್ತುವ ಮಕ್ಕಳು ನಿನ್ನೆಯ ಆಟ ಏನಾಯಿತೆಂದು ಹೇಳಿಯೇ ಹತ್ತಬೇಕು. ಹೇಳಲಾರದವರು ಮುಂದಿನ ಸೀಟಿನಲ್ಲಿ ಕೂತು ಶಾಲೆ ಬರುವವರೆಗೆ ಅವಳ ಪಾಠ ಕೇಳಬೇಕು. ಮಕ್ಕಳಿಗೂ ಇದರಲ್ಲಿ ಮಜಾ, ಗೊತ್ತಿದ್ದವರೂ ಮರೆತವರ ಹಾಗೆ ನಟಿಸುತ್ತಾರೆ.

ಅಷ್ಟೆಲ್ಲ ಬಲ್ಲವಳು ಆಟ ನಡೆಯುವಾಗ ಮಾತ್ರ ನೋಡುವ ಹಾಗಿಲ್ಲ. ಅದು ಶುರುವಾದದ್ದು ಹೀಗೆ. ಹಲವು ವರ್ಷಗಳ ಹಿಂದೆ, ಆಲೂಗಡ್ಡೆ ನೆಡಲು ಬಂದ ನೆರೆಹೊರೆಯವರೆಲ್ಲ ಕೆಲಸ ಮುಗಿಸಿ ರಸ್ಮಾಳ ಮನೆಯ ಬೇಸಿಗೆ ಅಡುಗೆಮನೆಯಲ್ಲಿ ಟೀವಿ ಮುಂದೆ ಜಮಾಯಿಸಿದ್ದರು. ಲಾಟ್ವಿಯಾ ಎರಡು ಗೋಲು ಮುಂದಿತ್ತು. ರಸ್ಮಾ ಬೆಳ್ಳುಳ್ಳಿ ಉಜ್ಜಿ ಹುರಿದ ಕರಿ ಬ್ರೆಡ್ಡಿನ ತಟ್ಟೆ ತಂದಿಟ್ಟು, ಕೈ ಒರೆಸಿಕೊಂಡು ಬೆಂಚಿನ ತುದಿಗೆ ಕೂತಳು, ಅಷ್ಟೆ. ಅವಳು ಮೊದಲ ತುಂಡು ಅಗಿಯುವಷ್ಟರಲ್ಲಿ ಎದುರಾಳಿಗಳು ಒಂದು ಹೊಡೆದರು, ನುಂಗುವಷ್ಟರಲ್ಲಿ ಇನ್ನೊಂದು. ಕೊನೆಗೆ ಸೋತೆವು. ಮುಂದಿನ ಪಂದ್ಯದಲ್ಲೂ ಅದೇ ಕಥೆ. ಅದರ ಮುಂದಿನದಕ್ಕೆ ಮೋದ್ರಿಸ್, "ಪರೀಕ್ಷೆ ಮಾಡೇಬಿಡೋಣ, ನೀನು ಹೊಲದ ಕಡೆ ಹೋಗಿರು" ಎಂದು ಅವಳನ್ನು ಎಬ್ಬಿಸಿದ. ಅವಳು ಮೇಲಿನ ಬದುವಿನ ಯೇವಾ ಮರದ ಬುಡ ಮುಟ್ಟಿದಳೋ ಇಲ್ಲವೋ, ಮನೆಯಿಂದ ಮಾಡು ಹಾರಿಹೋಗುವಂಥ ಕೂಗು ಕೇಳಿಸಿತು. ಗೋಲು! ಅಲ್ಲಿಗೆ ತೀರ್ಮಾನವಾಗಿಹೋಯಿತು.

ಕಾಲ್ಗುಣ ಎನ್ನುತ್ತಾರಲ್ಲ, ಹಾಗೆ ರಸ್ಮಾಳದು ಕಣ್ಣಿನ ಗುಣ ಎಂದು ಊರು ಹೇಳಿತು. ಅಂದಿನಿಂದ ಪಂದ್ಯ ಶುರುವಾಗುವ ಹೊತ್ತಿಗೆ ಅವಳು ಗಂಬೂಟು ಮೆಟ್ಟಿಕೊಂಡು ಹೊಲದ ಮೇಲಿನ ತುದಿಗೆ ಹೋಗಿ ನಿಲ್ಲುವುದು ಪದ್ಧತಿಯಾಯಿತು. ಒಮ್ಮೆ ತಡೆಯಲಾರದೆ ಸೌದೆ ಕೊಟ್ಟಿಗೆಯಲ್ಲಿ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಕೇಳಿದ್ದಳು. ಅವತ್ತು ಸ್ವಿಟ್ಜರ್ಲೆಂಡಿನವರು ನಮ್ಮನ್ನು ಹಿಗ್ಗಾಮುಗ್ಗಾ ಬಾರಿಸಿದರು. ಆಮೇಲೆ ಅವಳು ರೇಡಿಯೋವನ್ನೂ ಮುಟ್ಟಲಿಲ್ಲ.

ಇದರಲ್ಲಿ ಮರ್ಯಾದೆಯೂ ಇತ್ತೆನ್ನಿ. ಗೆದ್ದ ಮಾರನೆಯ ದಿನ ಅಂಗಡಿಯ ಹೆಂಗಸು, "ಚೆನ್ನಾಗಿ ನಿಂತಿದ್ದೆ ಮಾರಾಯ್ತಿ, ಕಾಲು ನೋಯ್ತಾ?" ಎಂದು ಕೇಳಿ ಒಂದು ತುಂಡು ಕೇಕು ಕೈಗಿಡುತ್ತಿದ್ದಳು. ಒಂದು ವರ್ಷ ಕ್ವಾರ್ಟರ್ ಫೈನಲ್ ದಿನ ಮಳೆ ಬಂತೆಂದು ಮೋದ್ರಿಸ್ ತಾನೇ ಹೊಲಕ್ಕೆ ಕುರ್ಚಿಯನ್ನೂ ಕೊಡೆಯನ್ನೂ ಹೊತ್ತು ತಂದಿದ್ದ. ತಂಡದ ಗೋಲ್‌ಕೀಪರನಾದರೂ ಆಗಾಗ ಬದಲಾಗುತ್ತಾನೆ, ರಸ್ಮಾ ಬದಲಾಗುವ ಹಾಗಿರಲಿಲ್ಲ.

ಅವಳಿಗೆ ಉರಿಯುತ್ತಿದ್ದದ್ದು ಬೇರೆಯದಕ್ಕೆ. ಗೋಲು ಬಿದ್ದಾಗೆಲ್ಲ ಅವಳಿಗೆ ಸುದ್ದಿ ಮುಟ್ಟಿಸಲು ಬರುವವನು ಇಲ್ಗ್ವಾರ್ಸ್. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಮಾಡಿ ಮಾಡಿಯೋ ಏನೋ, ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಹಲ್ಲು ಕೀಳುವುದು ಸುಲಭ. ಆಟ ಇನ್ನೂ ನಡೆಯುತ್ತಿದ್ದಂತೆಯೇ ಎದ್ದು, ಇಡೀ ಹೊಲ ದಾಟಿ, ಏದುಸಿರು ಬಿಡುತ್ತ ಅವಳ ಮುಂದೆ ನಿಲ್ಲುತ್ತಿದ್ದ.

"ಹೋಯ್ತು."

"ಯಾರು ಹೊಡೆದ್ರು?"

"ನಮ್ಮವರು."

"ಹೇಗೆ ಹೊಡೆದ್ರು?"

ಅವನು ಯೋಚಿಸಿ, ತಲೆ ಕೆರೆದುಕೊಂಡು, "ಚೆನ್ನಾಗಿ" ಎನ್ನುತ್ತಿದ್ದ.

ಆಮೇಲೆ ಮರುಪ್ರಸಾರದಲ್ಲಿ ಅವಳು ಆ ಗೋಲನ್ನು ನೋಡುತ್ತಿದ್ದಳು. ಆದರೆ ಮುಗಿದುಹೋದದ್ದನ್ನು ನೋಡುವುದೆಂದರೆ ಆರಿದ ಸೂಪು ಕುಡಿದ ಹಾಗೆ. ತನ್ನ ಕಣ್ಣಿನ ಗುಣದ ಮಾತನ್ನು ಅವಳು ಅರ್ಧ ನಂಬಿದ್ದಳು, ಅರ್ಧ ನಂಬಿರಲಿಲ್ಲ. ನಂಬದ ಅರ್ಧಕ್ಕೆ ಇದ್ದದ್ದು ಒಂದೇ ಆಸೆ. ಲಾಟ್ವಿಯಾ ಹೊಡೆಯುವ ಒಂದೇ ಒಂದು ಗೋಲನ್ನು, ಅದು ಬೀಳುವ ಗಳಿಗೆಯಲ್ಲೇ, ಕಣ್ಣಾರೆ ನೋಡಬೇಕು.

ಆ ವರ್ಷ ಪಂದ್ಯಾವಳಿ ರೀಗಾದಲ್ಲೇ ನಡೆಯುವುದಿತ್ತು. ರೀಗಾದಲ್ಲಿ ಹಲ್ಲಿನ ದವಾಖಾನೆಯಲ್ಲಿ ಕೆಲಸಕ್ಕಿರುವ ಮಗಳು ಸನಿತಾ ಒಂದು ಭಾನುವಾರ ಊರಿಗೆ ಬಂದವಳು, ಭೂರ್ಜ ಮರದ ರಸವನ್ನು ಲೋಟಕ್ಕೆ ಬಗ್ಗಿಸಿಕೊಳ್ಳುತ್ತ, "ಅಮ್ಮ, ಸ್ಲೊವಾಕಿಯಾ ಪಂದ್ಯಕ್ಕೆ ಎರಡು ಟಿಕೆಟ್ ಸಿಕ್ಕಿದೆ. ಶನಿವಾರ ಮಧ್ಯಾಹ್ನ. ನೀನು ಬರ್ತಿದೀಯ" ಎಂದಳು.

ಮೋದ್ರಿಸ್ ಅಲ್ಲೇ ಇದ್ದ. ಅವನು ಎಲ್ಲಿ ಇರುವುದಿಲ್ಲ?

"ಏನಂದೆ? ಟೀವೀಲಿ ನೋಡಿದ್ರೇನೇ ಮನೆ ತೊಳೆದು ಹೋಗುತ್ತೆ, ಇನ್ನು ಎದುರಿಗೇ ಕೂತ್ಕೊಂಡ್ರೆ? ಅಲ್ಲಿ ಮಂಜಿನ ಅಂಗಳವೇ ಬಿರುಕು ಬಿಡುತ್ತೆ ಕಣೇ!"

"ಚಿಕ್ಕಪ್ಪ, ನಿಮಗೆ ನಾಚಿಕೆ ಆಗಲ್ವಾ?" ಎಂದಳು ಸನಿತಾ.

"ನನಗ್ಯಾಕೆ ನಾಚಿಕೆ? ಮೂರು ಅಂಕ ಬೇಕು ನಮಗೆ, ಮುಂದಕ್ಕೆ ಹೋಗ್ಬೇಕಾದ್ರೆ. ರಸ್ಮಾ, ನೀನೇ ಹೇಳು. ಸೋತರೆ ಸೋಮವಾರ ಬಸ್ಸು ಹೇಗೆ ಓಡಿಸ್ತೀಯ? ಮಕ್ಕಳ ಮುಖ ನೋಡೋಕಾಗುತ್ತಾ?"

ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ರಸ್ಮಾಳ ಕೈ ನಿಂತುಹೋಯಿತು. ಅವನ ಮಾತು ತಮಾಷೆಯದಾದರೂ ಚುಚ್ಚಿದ್ದು ಸರಿಯಾದ ಜಾಗಕ್ಕೇ. ಅವಳು ಗಂಡನ ಕಡೆ ನೋಡಿದಳು. ಇಲ್ಗ್ವಾರ್ಸ್ ಬೀಜದ ಆಲೂಗಡ್ಡೆಗಳ ಮೊಳಕೆ ಆರಿಸುತ್ತ ಕೂತಿದ್ದ. ಅವನು ಒಂದು ಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದ.

"ಹೋಗು" ಎಂದ.

"ಮತ್ತೆ ಆಲೂಗಡ್ಡೆ? ಶನಿವಾರವೇ ಅಲ್ವಾ ನೆಡೋದು?"

"ನಾನಿದೀನಿ."

"ನೀನೂ ಬಾ ಅಂದ್ರೆ ಟಿಕೆಟ್ ಇಲ್ಲ" ಎಂದು ಅವಳು ಅಳುಕುತ್ತ ಹೇಳಿದಳು.

"ಹೋಗು ಅಂದ್ನಲ್ಲ" ಎಂದು ಅವನು ಮುಂದಿನ ಗಡ್ಡೆ ಎತ್ತಿಕೊಂಡ. ಅವನ ಲೆಕ್ಕದಲ್ಲಿ ಅದೊಂದು ಭಾಷಣ.

ಶನಿವಾರ ರೀಗಾದ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ಲೊವಾಕಿಯಾದವರು ಬಸ್ಸುಗಟ್ಟಲೆ ಬಂದು, ಬೆಳಿಗ್ಗೆಯೇ ಬಿಯರ್ ಹಿಡಿದು, ನಮ್ಮವರ ಹೆಗಲ ಮೇಲೆ ಕೈ ಹಾಕಿ ಹಾಡುತ್ತಿದ್ದರು. ಫಿನ್ನರು, ಜೆಕ್ಕರು, ತಮ್ಮ ಪಂದ್ಯವಿಲ್ಲದಿದ್ದರೂ ಯಾರಿಗಾದರೂ ಕೂಗಲೇಬೇಕೆಂದು ಬಂದ ಜರ್ಮನರು. ರಸ್ಮಾ ತಾನೇ ಹೆಣೆದ ಕಡುಗೆಂಪು ಶಾಲು ಸುತ್ತಿಕೊಂಡು, ಮಗಳ ಕೈ ಹಿಡಿದು, ಕ್ರೀಡಾಂಗಣದ ಒಳಗೆ ಹೋಗಿ ಕೂತಳು. ನಗಾರಿಗಳು ಎದೆಯೊಳಗೇ ಬಡಿದ ಹಾಗಿತ್ತು. ನಮ್ಮ ಹುಡುಗರು ಮಂಜಿನ ಅಂಗಳಕ್ಕೆ ಇಳಿಯುವ ಹೊತ್ತಿಗೆ ಅವಳ ಕಣ್ಣಲ್ಲಿ ನೀರು, ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ.

ಆಟ ಶುರುವಾಯಿತು. ಕರಿ ರಬ್ಬರಿನ ಬಿಲ್ಲೆ ಇಷ್ಟು ಜೋರಾಗಿ ಸದ್ದು ಮಾಡುತ್ತದೆಂದು ಟೀವಿಯಲ್ಲಿ ಎಂದೂ ಗೊತ್ತಾಗಿರಲಿಲ್ಲ. ಅವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಬಾಯಿ ಮುಚ್ಚುವಷ್ಟರಲ್ಲಿ ಸ್ಲೊವಾಕಿಯಾ ಒಂದು ಗೋಲು ಹೊಡೆಯಿತು.

"ಪರವಾಗಿಲ್ಲ ಅಮ್ಮ, ಇನ್ನೂ ತುಂಬ ಹೊತ್ತಿದೆ" ಎಂದಳು ಸನಿತಾ.

ಆಟದ ಮೂರು ಭಾಗಗಳಲ್ಲಿ ಎರಡನೆಯದರಲ್ಲಿ ಇನ್ನೊಂದು ಬಿತ್ತು. ಹಿಂದಿನ ಸಾಲಿನ ಯಾವನೋ, "ಯಾರದಪ್ಪ ಕಣ್ಣು ಬಿತ್ತು ನಮ್ಮ ಹುಡುಗರ ಮೇಲೆ!" ಎಂದು ಸುಮ್ಮನೆ ಗೊಣಗಿದ. ಅವನಿಗೇನು ಗೊತ್ತು ಪಾಪ. ರಸ್ಮಾಳಿಗೆ ಮಾತ್ರ ಬೆನ್ನಿಗೆ ಬರೆ ಹಾಕಿದ ಹಾಗಾಯಿತು. ಬೇಸಿಗೆ ಅಡುಗೆಮನೆಯಲ್ಲಿ ತಲೆ ಹಿಡಿದು ಕೂತ ಮೋದ್ರಿಸ್, ಸೋಮವಾರ ಬಸ್ಸಿನ ಮೆಟ್ಟಿಲ ಮೇಲೆ ಮಾತಾಡದೆ ನಿಲ್ಲುವ ಮಕ್ಕಳು, ಎಲ್ಲರೂ ಕಣ್ಣ ಮುಂದೆ ಬಂದರು.

"ಎಲ್ಲಿಗಮ್ಮ?"

"ಶೌಚಕ್ಕೆ ಕಣೇ. ಕೂತಿರು."

ಮೆಟ್ಟಿಲು ಹತ್ತಿ ಬಾಗಿಲು ದಾಟಿ ಅವಳು ಹೊರಗಿನ ಪಡಸಾಲೆಗೆ ಬಂದಳು. ಸಾಸೇಜು ಮಾರುವ ಕಟ್ಟೆಯ ಪಕ್ಕದಲ್ಲಿ, ಸ್ಲೊವಾಕಿಯಾದ ಅಂಗಿ ತೊಟ್ಟ ಮುದುಕನೊಬ್ಬ ಗೋಡೆಗೆ ಮುಖ ಮಾಡಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತಿದ್ದ. ರಸ್ಮಾ ಗಾಬರಿಯಾಗಿ ಅವನ ಭುಜ ಮುಟ್ಟಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆದರೆ ಹಳೆಯ ಕಾಲದಲ್ಲಿ ಇಬ್ಬರಿಗೂ ಶಾಲೆಯಲ್ಲಿ ಬಲವಂತವಾಗಿ ಕಲಿಸಿದ್ದ ರಷ್ಯನ್ ಇತ್ತು, ಮುರುಕು ಮುರುಕಾಗಿ.

"ಹುಷಾರಿಲ್ವಾ ನಿಮಗೆ?"

"ಹುಷಾರಾಗಿದೀನಿ. ನಾನು ನೋಡಿದ್ರೆ ನಮ್ಮವರು ಸೋಲ್ತಾರೆ. ಅದಕ್ಕೇ ಹೀಗೆ."

ರಸ್ಮಾ ಅವನನ್ನು ಎವೆಯಿಕ್ಕದೆ ನೋಡಿದಳು. "ನಾನೂ ಅದಕ್ಕೇ ಬಂದೆ" ಎಂದಳು.

ಮುದುಕ ಕಿವಿಯಿಂದ ಬೆರಳು ತೆಗೆದ. ಹೆಸರು ವೆಂದೆಲೀನ್ ಎಂದ, ಊರಲ್ಲಿ ಜೇನು ಸಾಕುತ್ತಾನಂತೆ. ಪಂದ್ಯ ಬಂದರೆ ಹೆಂಡತಿ ಅವನನ್ನು ನೆಲಮಾಳಿಗೆಗೆ ಕಳಿಸಿ ಮೇಲಿನಿಂದ ಚಿಲಕ ಹಾಕುತ್ತಾಳಂತೆ.

"ಈಗ ಅವರೆಲ್ಲಿ?"

"ಒಳಗೆ ಕೂತು ತಿಂತಾ ಇದಾಳೆ. ನನ್ನ ಸೀಟಲ್ಲಿ ಅವಳ ಕೋಟು."

ಅಷ್ಟರಲ್ಲಿ ಕಟ್ಟಡವೇ ನಡುಗುವಂತೆ ಕೂಗೆದ್ದಿತು. ಲಾಟ್ವಿಯಾ ಗೋಲು! ರಸ್ಮಾ ನಿಂತಲ್ಲೇ ಕುಪ್ಪಳಿಸಿದಳು. ಕುಪ್ಪಳಿಸಿದ ಕಾಲು ನೆಲ ಮುಟ್ಟುವಷ್ಟರಲ್ಲಿ ಅವಳ ಮುಖ ಬಾಡಿತು. ಇದೂ ಹೋಯಿತಲ್ಲ! ಇಷ್ಟು ದೂರ ಬಂದು, ಒಂದು ಗೋಡೆಯ ಆಚೆ.

ವೆಂದೆಲೀನನ ಸಂಕಟ ಬೇರೆ. "ಇದ್ಹೇಗೆ? ನಾನು ಹೊರಗಿದ್ದೂ ಗೋಲು ಬಿತ್ತಲ್ಲ!"

"ನಾನೂ ಹೊರಗಿದೀನಲ್ಲ" ಎಂದಳು ರಸ್ಮಾ. ಬೇಸರದಲ್ಲೂ ಅವಳಿಗೆ ಜಂಬ ಬಿಡಲಿಲ್ಲ. "ನಂದು ಸ್ವಲ್ಪ ಜೋರು ಅನ್ಸುತ್ತೆ."

"ಏನು ಜೋರು? ನಾನು ನಿಂತು ನಿಂತೇ ನಮ್ಮವರಿಗೆ ಪದಕ ತಂದುಕೊಟ್ಟವನು!"

"ನೀವು ನೆಲಮಾಳಿಗೇಲಿ ಬೆಚ್ಚಗೆ. ನಾನು ಮಳೇಲಿ, ಕೆಸರಲ್ಲಿ."

ಮೂರನೆಯ ಭಾಗ ಶುರುವಾದರೂ ಈ ಜಗಳ ಮುಗಿದಿರಲಿಲ್ಲ. ಮತ್ತೆ ಕೂಗು. ಎರಡು ಎರಡು, ಸಮ. ಸಾಸೇಜಿನ ಹುಡುಗಿ ಕಟ್ಟೆಯ ಹಿಂದೆಯೇ ಕುಣಿಯತೊಡಗಿದಳು. ರಸ್ಮಾಳ ಕಣ್ಣಲ್ಲಿ ಈ ಬಾರಿ ಬಂದದ್ದು ಖುಷಿಯ ನೀರೋ ಹೊಟ್ಟೆ ಉರಿಯದೋ ಅವಳಿಗೇ ತಿಳಿಯಲಿಲ್ಲ. ವೆಂದೆಲೀನ್ ಗೋಡೆಗೆ ಹಣೆ ಒತ್ತಿ ನಿಂತ. ಅವನ ಬೆನ್ನು ನೋಡಿ ಅವಳಿಗೆ ಅಯ್ಯೋ ಎನ್ನಿಸಿತು. ತನ್ನ ಹಾಗೆಯೇ ಒಂದು ಜೀವ, ನೂರಾರು ಮೈಲಿ ಬಂದು ಗೋಡೆ ನೋಡುತ್ತಿದೆ.

"ಇಲ್ಲಿ ಕೇಳಿ" ಎಂದಳು. "ನಾವಿಬ್ಬರೂ ಹೊರಗಿದ್ರೆ ಅದಕ್ಕೂ ಇದಕ್ಕೂ ಸರಿಹೋಗುತ್ತೆ. ಇಬ್ಬರೂ ಒಳಗಿದ್ರೂ ಸರಿಹೋಗ್ಬೇಕು, ಅಲ್ವಾ?"

ವೆಂದೆಲೀನ್ ತುಂಬ ಹೊತ್ತು ಯೋಚಿಸಿದ. ಇಂಥ ದೊಡ್ಡ ಮಾತನ್ನು ಅವಸರದಲ್ಲಿ ಒಪ್ಪುವುದು ಹೇಗೆ?

"ನೀವು ಮೊದಲು ಹೋಗಿ."

"ಆಹಾ! ನಾನು ಮೊದಲು ಕಾಲಿಟ್ಟು ನಮ್ಮವರು ಹಾಳಾಗ್ಲಿ ಅಂತಲಾ? ಒಟ್ಟಿಗೇ ಹೋಗೋಣ."

ಇಬ್ಬರೂ ಕೈ ಕೈ ಹಿಡಿದುಕೊಂಡರು. ಬಾಗಿಲು ಕಾಯುವ ಹೆಂಗಸು, "ಮದುಮಕ್ಕಳ ಹಾಗೆ ಬಾಗಿಲಲ್ಲಿ ನಿಲ್ಬೇಡಿ, ಹೋಗೋದಾದ್ರೆ ಹೋಗಿ" ಎಂದು ಗದರಿದಳು. ಒಂದೇ ಹೆಜ್ಜೆಗೆ ಇಬ್ಬರೂ ಬಲಗಾಲಿಟ್ಟು ಒಳಗೆ ಹೋದರು. ಸೀಟಿನ ತನಕ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮೆಟ್ಟಿಲ ತಲೆಯಲ್ಲೇ ನಿಂತರು, ಹಿಡಿದ ಕೈ ಬಿಡದೆ.

ಆಟ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ಬಿಲ್ಲೆ ಆ ಕಡೆ ಹೋದಾಗ ಅವಳು ಅವನ ಕೈ ಹಿಂಡುತ್ತಿದ್ದಳು, ಈ ಕಡೆ ಬಂದಾಗ ಅವನು ಅವಳ ಕೈ ಹಿಂಡುತ್ತಿದ್ದ. ಆಮೇಲೆ ಅದು ಸ್ಲೊವಾಕಿಯಾದ ಗೋಲಿನ ಹಿಂದೆ ಹೋಯಿತು. ಅಲ್ಲಿಂದ ಏನೇನಾಯಿತೆಂದು ಹೇಳುವ ಹಕ್ಕು ರಸ್ಮಾಳದು, ಹೇಳಬೇಕಾದ ಕಡೆ ಅವಳೇ ಹೇಳುತ್ತಾಳೆ, ನಾವು ಬಾಯಿ ಹಾಕುವುದು ಬೇಡ. ಒಂದು ಮಾತು ಮಾತ್ರ ಹೇಳಬಹುದು: ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಲಾಟ್ವಿಯಾದ ಮೂರನೆಯ ಗೋಲು ಅವಳು ನೋಡನೋಡುತ್ತಿದ್ದಂತೆಯೇ ಬಿತ್ತು, ಮತ್ತು ಪಂದ್ಯ ಅದರಲ್ಲೇ ಮುಗಿಯಿತು.

ವೆಂದೆಲೀನ್ ಅವಳ ಕೈ ಬಿಟ್ಟು, ಟೋಪಿ ಎತ್ತಿ, "ನಂದೇ ಜೋರು ಅಂದ್ನಲ್ಲ, ನೋಡಿ, ನಿಮ್ಮದನ್ನೂ ಮೀರಿಸ್ತು" ಎಂದ. ಟೋಪಿ ಮತ್ತೆ ತಲೆಗಿಟ್ಟುಕೊಂಡು, "ಹೋಗ್ಲಿ ಬಿಡಿ. ನಮ್ಮ ಬಲೆಗೇ ಬಿದ್ರೂ ಗೋಲು ಗೋಲೇ. ಎಷ್ಟು ಚೆನ್ನಾಗಿತ್ತು!" ಎಂದು ಹೆಂಡತಿಯನ್ನು ಹುಡುಕಿಕೊಂಡು ಮೆಟ್ಟಿಲಿಳಿದ. ಅವಳಿಂದ ಅವನಿಗೆ ಏನು ಕಾದಿತ್ತೋ, ನೆನೆದು ರಸ್ಮಾ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮಗಳೊಂದಿಗೆ ಹೊರಗೆ ಬಂದು ಅವಳು ಗಂಡನ ಮೊಬೈಲಿಗೆ ಫೋನು ಮಾಡಿದಳು. ಎತ್ತಿದವನು ಮೋದ್ರಿಸ್, ಹಿಂದೆ ಸಂತೆಯ ಗದ್ದಲ.

"ರಸ್ಮಾ! ನಿಜ ಹೇಳು, ಕೊನೇ ಗೋಲಿಗೆ ನೀನು ಹೊರಗೆ ತಾನೇ ಇದ್ದಿದ್ದು?"

ಹೌದು ಎಂದುಬಿಟ್ಟರೆ ಎಲ್ಲ ಹಳೆಯ ಹಾಗೇ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು. ಅಂಗಡಿಯ ಕೇಕು, ಹೊಲದ ಕುರ್ಚಿ, ಮರ್ಯಾದೆ.

"ಒಳಗಿದ್ದೆ" ಎಂದಳು ರಸ್ಮಾ. "ಎರಡೂ ಕಣ್ಣು ಬಿಟ್ಕೊಂಡು ನೋಡ್ದೆ."

ಅವನು ಅದನ್ನು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಿದ. ಆಮೇಲೆ ಮೋದ್ರಿಸ್ ಮೆಲ್ಲಗೆ, "ಹಾಗಾದ್ರೆ ಅದು ಇಲ್ಗ್ವಾರ್ಸ್‌ದೇ ಕೆಲಸ" ಎಂದ.

"ಇಲ್ಗ್ವಾರ್ಸ್‌ದಾ? ಏನು ಮಾಡ್ದ ಅವನು?"

"ಆಟ ಶುರುವಾಗೋಕ್ಕೆ ಮುಂಚೆಯೇ ಎದ್ದು ಹೊರಗೆ ಹೋದ ಮಾರಾಯ್ತಿ. ಎಲ್ಲಿಗೋ ಅಂದೆ. 'ಅವಳು ಒಳಗಿದಾಳೆ, ಯಾರಾದ್ರೂ ಹೊರಗಿರ್ಬೇಕಲ್ಲ, ಅವಳು ನಿಶ್ಚಿಂತೆಯಾಗಿ ನೋಡ್ಲಿ' ಅಂದ. ಅಷ್ಟು ಉದ್ದ ಮಾತು ಅವನ ಬಾಯಿಂದ ಬಂದಿದ್ದು ನಾನು ಮದುವೆ ದಿನವೂ ಕೇಳಿರ್ಲಿಲ್ಲ. ಮೊದ್ಲು ಪೆದ್ದನ ಹಾಗೆ ಸೌದೆ ಕೊಟ್ಟಿಗೆ ಹತ್ರ ನಿಂತಿದ್ದ, ಎರಡು ಗೋಲು ತಿಂದ್ವಿ. ನಾನೇ ಕಿಟಕಿಯಿಂದ ಕೂಗ್ದೆ, 'ಅಲ್ಲಲ್ಲ ಕಣೋ, ರಸ್ಮಾ ನಿಲ್ಲೋ ಜಾಗದಲ್ಲಿ ನಿಲ್ಲು!' ಅಂತ. ಮೇಲಿನ ಬದುವಿಗೆ ಹೋದ ನೋಡು, ಶುರುವಾಯ್ತು."

ಪಂದ್ಯವೆಂದರೆ ಆ ಮನುಷ್ಯನೂ ಊಟ ಬಿಡುವವನು. ಇಷ್ಟು ವರ್ಷ ಪ್ರತಿ ಗೋಲಿಗೂ ಎದ್ದು, ಆಟದ ಎಷ್ಟೋ ಭಾಗ ಕಳೆದುಕೊಂಡು, ಹೊಲ ದಾಟಿ ಬಂದವನು ಅವನೇ ಎಂಬುದು ರಸ್ಮಾಳಿಗೆ ಆಗ ಹೊಳೆಯಿತು. ಬೇರೆ ಯಾರನ್ನೂ ಅವನು ಒಮ್ಮೆಯೂ ಕಳಿಸಿರಲಿಲ್ಲ.

"ಎಲ್ಲಿದಾನೆ ಈಗ? ಕೊಡು ಫೋನು."

ಮೋದ್ರಿಸ್ ಹೆ ಹೆ ಎಂದ. "ಅಲ್ಲೇ ಇದಾನೆ ಇನ್ನೂ. ಕುಣಿಯೋ ಗಲಾಟೇಲಿ ಅವನಿಗೆ ಹೇಳೋದೇ ಮರೆತ್ವಿ. ತಾಳು, ತಗೊಂಡು ಹೋಗ್ತೀನಿ."

ಅವನು ಹೊಸದಾಗಿ ನೆಟ್ಟ ಸಾಲುಗಳನ್ನು ತುಳಿಯುತ್ತ ಓಡುವುದು, ಏದುಸಿರು, ಬೈಗುಳ, ಎಲ್ಲ ಫೋನಿನಲ್ಲಿ ಕೇಳಿಸುತ್ತಿತ್ತು. ಆಮೇಲೆ ದೂರದಿಂದ ಇಲ್ಗ್ವಾರ್ಸ್‌ನ ದನಿ: "ಏನೂ ಹೇಳ್ಬೇಡ ಮೋದ್ರಿಸ್. ಅವಳೇ ಹೇಳ್ಲಿ."

"ಇಲ್ಗ್ವಾರ್ಸ್" ಎಂದಳು ರಸ್ಮಾ.

"ಹೂಂ."

"ಹೋಯ್ತು."

"ಯಾರು ಹೊಡೆದ್ರು?"

"ನಮ್ಮವರು."

ಆ ಕಡೆ ಅವನು ಉಸಿರು ಬಿಟ್ಟದ್ದು ಕೇಳಿಸಿತು. ಯೇವಾ ಮರದಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು, ಅದೂ ಕೇಳಿಸಿತು. ಅಷ್ಟು ವರ್ಷ ಅಲ್ಲಿ ನಿಂತವಳಿಗೆ ಆ ಹಕ್ಕಿಯ ಗುರುತಿತ್ತು.

"ಹೇಗೆ ಹೊಡೆದ್ರು?" ಎಂದು ಅವನು ಕೇಳಿದ.

ರಸ್ಮಾ ಮೆಟ್ಟಿಲ ಮೇಲೆ ಕೂತಳು. ಸನಿತಾ ಪಕ್ಕಕ್ಕೆ ಬಂದು ಅಮ್ಮನ ಹೆಗಲಿಗೆ ಒರಗಿದಳು.

"ಕೇಳು. ಬಿಲ್ಲೆ ಅವರ ಗೋಲಿನ ಹಿಂದೆ, ಮೂಲೇಲಿ ಸಿಕ್ಕಿಹಾಕ್ಕೊಂಡಿತ್ತು. ಅವರ ಕಡೆಯ ದೈತ್ಯರು ಇಬ್ಬರು, ಮಧ್ಯದಲ್ಲಿ ನಮ್ಮ ಆ ಗಿಡ್ಡ ಹುಡುಗ. ಅವನ ಅಂಗಿಯ ತೋಳು ಹರಿದಿತ್ತು, ನೇತಾಡ್ತಿತ್ತು. ದಬ್ಬಿಬಿಟ್ರು, ಬಿದ್ದ. ಬಿದ್ದವನು ಮೊಣಕಾಲ ಮೇಲೇ ಕೋಲು ಚಾಚಿ ಬಿಲ್ಲೇನ ಮುಂದಕ್ಕೆ ತಳ್ಳಿದ. ಅಲ್ಲಿ ನಮ್ಮ ಇನ್ನೊಬ್ಬ ಬಂದು ಬೀಸಿದ ನೋಡು, ಅಬ್ಬಾ, ಪೂರ್ತಿ ತಪ್ಪಿಹೋಯ್ತು! ಗಾಳಿಗೆ ಹೊಡೆದ! ಆದ್ರೆ ಅವರ ಗೋಲ್‌ಕೀಪರ್ ಅದನ್ನ ನಂಬಿ ಆ ಕಡೆಗೆ ಬಿದ್ದುಬಿಟ್ಟ. ಆಗ ಮೂರನೆಯವನು ಬಂದ. ಓಡಿ ಬರ್ಲಿಲ್ಲ ಕಣೋ, ಬಿದ್ದುಹೋದ ಕೈಗವಸು ಎತ್ಕೊಳ್ಳೋಕೆ ಬಂದವನ ಹಾಗೆ ಮೆಲ್ಲಗೆ ಬಂದ. ಬಂದು, ಬಗ್ಗಿ, ಸುಮ್ನೆ ಹೀಗೆ ಒಳಗೆ ನೂಕಿದ. ಒಂದು ಗಳಿಗೆ ಯಾರೂ ಕೂಗ್ಲಿಲ್ಲ. ಆಮೇಲೆ..."

"ಆಮೇಲೆ?"

"ಆಮೇಲೆ ಏನು, ಹೋಯ್ತು."

"ಚೆನ್ನಾಗಿ ಹೋಯ್ತಾ?"

"ಚೆನ್ನಾಗಿ" ಎಂದಳು ರಸ್ಮಾ, ಅಳು ನಗು ಒಟ್ಟಿಗೇ ಬಂತು.

ಇಲ್ಗ್ವಾರ್ಸ್ ನೆಲದ ಮೇಲೆ ಕೂತ ಸದ್ದು ಕೇಳಿಸಿತು.

"ಇನ್ನೊಂದ್ಸಲ ಹೇಳು" ಎಂದ. "ಮೂಲೆಯಿಂದ."